ಹವ್ಯಾಸಿಯ ರುಚಿ, ಉದ್ಯಮದ ಲೆಕ್ಕ: ಅಮೆರಿಕದ ಕ್ರಾಫ್ಟ್ ಬಿಯರ್

ಬಿಯರ್ ತಯಾರಿಕೆಯೆಂದರೆ ಭಾರಿ ಬಂಡವಾಳ, ಭಾರಿ ಕಾರ್ಖಾನೆ, ಭಾರಿ ಜಾಹೀರಾತು ಎಂಬ ಅಭಿಪ್ರಾಯವು ವ್ಯಾಪಾರ ವಲಯದಲ್ಲಿ ಬಲವಾಗಿ ಬೇರೂರಿದೆ. 1970ರ ದಶಕದ ಅಮೆರಿಕದಲ್ಲಿ ಇದು ಬಹುಮಟ್ಟಿಗೆ ನಿಜವೂ ಆಗಿತ್ತು. ಆ ದಶಕದ ಕೊನೆಯ ವೇಳೆಗೆ ಅಷ್ಟು ದೊಡ್ಡ ದೇಶದಲ್ಲಿ ಉಳಿದಿದ್ದ ಬಿಯರ್ ತಯಾರಿಕಾ ಘಟಕಗಳು ನೂರಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನವು ತಯಾರಿಸುತ್ತಿದ್ದುದು ತಿಳಿಬಣ್ಣದ, ಹಗುರವಾದ, ಒಂದನ್ನೊಂದು ಹೋಲುವ ಲಾಗರ್ ಬಿಯರನ್ನೇ. ಇಂದು ಅಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಘಟಕಗಳಿವೆ. ಈ ಬದಲಾವಣೆಯ ಮೂಲವನ್ನು ಹುಡುಕುತ್ತ ಹೋದರೆ ಮೊದಲು ಎದುರಾಗುವವನು ಬಂಡವಾಳಗಾರನಲ್ಲ, ಅಡುಗೆಮನೆಯಲ್ಲಿ ಪಾತ್ರೆಯಿಟ್ಟುಕೊಂಡು ಕುಳಿತ ಹವ್ಯಾಸಿ. ಮದ್ಯಪಾನದ ಗುಣದೋಷಗಳ ವಿವೇಚನೆ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಹವ್ಯಾಸವೊಂದು ಉದ್ದಿಮೆಯಾಗಿ ಪರಿಣಮಿಸಿದ ಬಗೆಯಷ್ಟೇ ಇಲ್ಲಿನ ವಿಷಯ.

ಅಮೆರಿಕದ ನೌಕಾಪಡೆಯಲ್ಲಿದ್ದ ಜಾಕ್ ಮೆಕಾಲಿಫ್ ಎಂಬವರು ಸ್ಕಾಟ್ಲೆಂಡಿನಲ್ಲಿ ಸೇವೆಯಲ್ಲಿದ್ದಾಗ ಅಲ್ಲಿಯ ಏಲ್ ಬಿಯರುಗಳ ರುಚಿ ಕಂಡರು. ಊರಿಗೆ ಮರಳಿದ ಮೇಲೆ ಅಂತಹ ಬಿಯರು ಎಲ್ಲಿಯೂ ದೊರೆಯಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಅವರು ನ್ಯೂ ಆಲ್ಬಿಯನ್ ಎಂಬ ಕಿರುಘಟಕವನ್ನು ಆರಂಭಿಸಿದರು. ಅಷ್ಟು ಚಿಕ್ಕ ಘಟಕಕ್ಕೆ ಬೇಕಾದ ಯಂತ್ರೋಪಕರಣಗಳನ್ನು ಯಾರೂ ತಯಾರಿಸುತ್ತಿರಲಿಲ್ಲವಾದ್ದರಿಂದ, ಬಳಸಿ ಬಿಟ್ಟ ಉಕ್ಕಿನ ಪೀಪಾಯಿಗಳನ್ನು ತಾವೇ ಬೆಸುಗೆ ಹಾಕಿ ಹೊಂದಿಸಿಕೊಂಡರು.

ಮನೆಯಲ್ಲಿ ಬಿಯರ್ ಕಾಸುವುದು ಆಗ ಅಲ್ಲಿ ಕಾನೂನುಬಾಹಿರವಾಗಿತ್ತು. 1933ರಲ್ಲಿ ಪಾನನಿಷೇಧ ತೆರವಾದಾಗ ಮನೆಬಳಕೆಯ ದ್ರಾಕ್ಷಾಮದ್ಯಕ್ಕೆ ದೊರೆತ ವಿನಾಯಿತಿ ಬಿಯರಿಗೆ ದೊರೆತಿರಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಮಸೂದೆಯು ಈ ಕೊರತೆಯನ್ನು ನೀಗಿಸಿತು. ವಯಸ್ಕನೊಬ್ಬನು ವರ್ಷಕ್ಕೆ 100 ಗ್ಯಾಲನ್, ಒಂದಕ್ಕಿಂತ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಮಾರಾಟಕ್ಕಲ್ಲದೆ ಸ್ವಂತಕ್ಕೆ ತಯಾರಿಸಿಕೊಳ್ಳಬಹುದೆಂದಾಯಿತು. ಅದೇ ವರ್ಷ ಚಾರ್ಲಿ ಪಪೇಜಿಯನ್ ಮುಂತಾದವರು ಕೊಲರಾಡೋದ ಬೌಲ್ಡರಿನಲ್ಲಿ ಹವ್ಯಾಸಿ ತಯಾರಕರ ಸಂಘವನ್ನು ಸ್ಥಾಪಿಸಿದರು. 1982ರಲ್ಲಿ ಅದೇ ಊರಿನಲ್ಲಿ ಆರಂಭವಾದ ಬಿಯರ್ ಉತ್ಸವವು ಮುಂದೆ ಡೆನ್ವರಿಗೆ ಸ್ಥಳಾಂತರಗೊಂಡು ಬೃಹತ್ತಾಗಿ ಬೆಳೆಯಿತು.

ರುಚಿಗೂ ಅಂಕಪಟ್ಟಿ

ಹವ್ಯಾಸಿಯು ರುಚಿ ನೋಡುವ ಕ್ರಮವು ಕುಡಿಯುವ ಕ್ರಮಕ್ಕಿಂತ ಬೇರೆಯಾದುದು. ಪುಟ್ಟ ಲೋಟದಲ್ಲಿ ಸುಮಾರು 100 ಮಿಲಿಲೀಟರಿನಷ್ಟು ಮಾತ್ರ ಸುರಿದುಕೊಂಡು, ಮೊದಲು ಮೂಸಿ, ಬಣ್ಣ ಮತ್ತು ನೊರೆಯನ್ನು ಗಮನಿಸಿ, ಅನಂತರ ಗುಟುಕರಿಸುವುದು ವಾಡಿಕೆ. 1985ರಲ್ಲಿ ಸ್ಥಾಪನೆಯಾದ ಅಮೆರಿಕದ ಬಿಯರ್ ತೀರ್ಪುಗಾರರ ಪ್ರಮಾಣೀಕರಣ ವ್ಯವಸ್ಥೆಯಲ್ಲಿ ಒಟ್ಟು 50 ಅಂಕಗಳು. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಹೊಳೆಯುವ ಬಣ್ಣವನ್ನೇ ಜಾಹೀರಾತಿನಲ್ಲಿ ಮೆರೆಸುವ ವಸ್ತುವಿಗೆ ನೋಟದ ಪಾಲು ಕೇವಲ ಮೂರು ಅಂಕವೆಂಬುದು ಕುತೂಹಲಕರ.

ನಾಲ್ಕೇ ಪದಾರ್ಥಗಳಿಂದ ಇಷ್ಟೊಂದು ವೈವಿಧ್ಯ ಹೇಗೆ ಎಂಬ ಪ್ರಶ್ನೆ ಸಹಜ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಹದವಾಗಿ ಬಿಸಿ ಮಾಡಿದರೆ ಬಿಸ್ಕತ್ತಿನ ವಾಸನೆ. ಕಪ್ಪಾಗುವಂತೆ ಹುರಿದರೆ ನಮ್ಮ ಕಾಫಿಬೀಜದ ವಾಸನೆ. ಹಾಪ್ಸ್ ಎಂಬ ಬಳ್ಳಿಯ ಹೂವು ಕಹಿಯನ್ನೂ ಪರಿಮಳವನ್ನೂ ಕೊಡುತ್ತದೆ. 1972ರಲ್ಲಿ ಬೆಳೆಗಾರರಿಗೆ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಅಮೆರಿಕನ್ ತಳಿಗೆ ಚಕ್ಕೋತ ಹಣ್ಣಿನ ಸಿಪ್ಪೆಯನ್ನು ಹೋಲುವ ಕಂಪು. ಕೆನ್ ಗ್ರಾಸ್‌ಮನ್ ಜೊತೆಗಾರರೊಡನೆ 1980ರಲ್ಲಿ ಕಟ್ಟಿದ ಸಿಯೆರಾ ನೆವಾಡಾ ಸಂಸ್ಥೆಯ ಪೇಲ್ ಏಲ್ ಪ್ರಸಿದ್ಧವಾದುದು ಈ ಕಂಪಿನಿಂದಲೇ. ಗ್ರಾಸ್‌ಮನ್ ಕೂಡ ಮೂಲತಃ ಹವ್ಯಾಸಿಯೇ. ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಗ್ರಿ ಮಾರುವ ಅಂಗಡಿ ಇಟ್ಟಿದ್ದವರು. ಇನ್ನು ಯೀಸ್ಟಿನ ಕೊಡುಗೆ ಎಲ್ಲಕ್ಕಿಂತ ವಿಚಿತ್ರ. ಜರ್ಮನಿಯ ಬವೇರಿಯಾ ಶೈಲಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ಮತ್ತು ಲವಂಗದ ವಾಸನೆ ಬರುತ್ತದೆ. ಬಾಳೆಯಾಗಲಿ ಲವಂಗವಾಗಲಿ ಅದರಲ್ಲಿರುವುದಿಲ್ಲ. ಹುದುಗುವಾಗ ಆ ಜಾತಿಯ ಯೀಸ್ಟ್ ಹುಟ್ಟಿಸುವ ವಾಸನೆಯದು.

ದೋಷಗಳನ್ನು ಗುರುತಿಸುವುದೂ ಹವ್ಯಾಸಿಯ ಕಲಿಕೆಯ ಭಾಗ. ಬೆಣ್ಣೆಯ ವಾಸನೆ ಬಂದರೆ ಬಹುಶಃ ಹುದುಗುವಿಕೆ ಪೂರ್ಣವಾಗಿಲ್ಲ. ಒದ್ದೆ ರಟ್ಟಿನ ವಾಸನೆಯಿದ್ದರೆ ಗಾಳಿ ಸೋಕಿ ಹಳತಾಗಿದೆ. ಬಿಸಿಲು ತಗುಲಿದ ಹಸಿರು ಅಥವಾ ಬಿಳಿಯ ಸೀಸೆಯಲ್ಲಿ ಬೇರೊಂದು ದುರ್ವಾಸನೆ. ಕಂದು ಸೀಸೆಯ ಬಳಕೆಗೆ ಇದೇ ಕಾರಣ.

ತೊಟ್ಟಿಯ ಲೆಕ್ಕ

ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಕಿರುತಯಾರಕರಲ್ಲಿ ಬಹುತೇಕರು ಲಾಗರ್ ಬಿಟ್ಟು ಏಲ್ ಕಡೆಗೆ ಒಲಿದುದಕ್ಕೆ ರುಚಿಯಷ್ಟೇ ಕಾರಣವಲ್ಲ. ಏಲ್ ಕೊಠಡಿಯ ಉಷ್ಣತೆಗೆ ಹತ್ತಿರದ ಹದದಲ್ಲಿ ಬೇಗನೆ ಹುದುಗುತ್ತದೆ. ಲಾಗರಿಗೆ ತಂಪು ಬೇಕು, ವಾರಗಟ್ಟಲೆ ವಿಶ್ರಾಂತಿ ಬೇಕು. ಒಂದು ತೊಟ್ಟಿಯಲ್ಲಿ ಏಲ್ ಎರಡು ವಾರಕ್ಕೆ ಸಿದ್ಧವಾದರೆ ವರ್ಷಕ್ಕೆ 26 ಬಾರಿ ತೊಟ್ಟಿ ತುಂಬಿಸಬಹುದು. ಲಾಗರ್ ಆರು ವಾರ ಹಿಡಿದರೆ 8 ಅಥವಾ 9 ಬಾರಿ. ಬಂಡವಾಳ ಅದೇ, ತೊಟ್ಟಿ ಅದೇ, ಉತ್ಪತ್ತಿ ಮಾತ್ರ ಮೂರನೆಯ ಒಂದು ಭಾಗ. ಸಾಲದ ಬಡ್ಡಿ ಕಟ್ಟುವವನಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಸರ್ಕಾರದ ನೆರವೂ ಇತ್ತು. 1976ರ ಕಾಯಿದೆಯನ್ವಯ, ವರ್ಷಕ್ಕೆ 20 ಲಕ್ಷ ಬ್ಯಾರಲ್ ಮೀರದ ತಯಾರಕರಿಗೆ ಮೊದಲ 60,000 ಬ್ಯಾರಲುಗಳ ಮೇಲಿನ ಕೇಂದ್ರ ಅಬಕಾರಿ ಸುಂಕವು 9 ಡಾಲರಿನಿಂದ 7 ಡಾಲರಿಗೆ ಇಳಿಯಿತು. (ಅಮೆರಿಕದ ಒಂದು ಬ್ಯಾರಲ್ ಎಂದರೆ 31 ಗ್ಯಾಲನ್, ಸುಮಾರು 117 ಲೀಟರ್.) 1991ರಲ್ಲಿ ಸಾಮಾನ್ಯ ದರವು 18 ಡಾಲರಿಗೆ ಏರಿದಾಗಲೂ ಈ 7 ಡಾಲರಿನ ದರ ಹಾಗೆಯೇ ಉಳಿಯಿತು, 2018ರಿಂದ ಅದು 3.50 ಡಾಲರಿಗೆ ಇಳಿದಿದೆ. ಅಂದರೆ 60,000 ಬ್ಯಾರಲ್ ಮುಟ್ಟಿದ ತಯಾರಕನಿಗೆ 1976ರ ನಂತರ ವರ್ಷಕ್ಕೆ 1,20,000 ಡಾಲರ್, 1991ರ ನಂತರ 6,60,000 ಡಾಲರ್ ಉಳಿತಾಯ.

ಆದರೆ ಈ ರಿಯಾಯಿತಿ ನ್ಯೂ ಆಲ್ಬಿಯನನ್ನು ಉಳಿಸಲಿಲ್ಲ. ಅದರ ಉತ್ಪಾದನೆ ವರ್ಷಕ್ಕೆ 400–450 ಬ್ಯಾರಲಿನ ಆಸುಪಾಸು. ಬ್ಯಾರಲಿಗೆ 2 ಡಾಲರಿನಂತೆ ಗಳಿಸಿದ ರಿಯಾಯಿತಿ ಹೆಚ್ಚೆಂದರೆ 900 ಡಾಲರ್! ತಯಾರಾದ ಬಿಯರೆಲ್ಲ ಮಾರಾಟವಾಗುತ್ತಿತ್ತು. ಬೇಡಿಕೆಯ ಕೊರತೆ ಇರಲೇ ಇಲ್ಲ. ಒಮ್ಮೆಗೆ ಒಂದೂವರೆ ಬ್ಯಾರಲ್ ಕಾಸುವ ಪಾತ್ರೆಯ ಮೇಲೆ ಬಾಡಿಗೆ, ಕೂಲಿ, ಸಾಗಣೆ ಇವೆಲ್ಲ ಸ್ಥಿರ ವೆಚ್ಚಗಳನ್ನು ಹಂಚಿದಾಗ ಲೆಕ್ಕ ಕೂಡಲಿಲ್ಲ. ವಿಸ್ತರಣೆಗೆ ಹಣ ಒದಗಲಿಲ್ಲ. 1982ರಲ್ಲಿ ಘಟಕ ಮುಚ್ಚಿತು.

ಬೆಂಗಳೂರಿನ ನಂಟು

ಕಥೆ ಅಲ್ಲಿಗೆ ನಿಲ್ಲಲಿಲ್ಲ. ನ್ಯೂ ಆಲ್ಬಿಯನ್ನಿನ ಉಪಕರಣಗಳು, ಅದರ ಯೀಸ್ಟ್ ಹಾಗೂ ಅಲ್ಲಿ ಪಳಗಿದ ತಯಾರಕ ಡಾನ್ ಬಾರ್ಕ್ಲಿ ಇವೆಲ್ಲವೂ ಉತ್ತರ ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಎಂಬ ಊರಿಗೆ ಸಾಗಿದವು. 1983ರಲ್ಲಿ ಅಲ್ಲಿ ತೆರೆದ ಮೆಂಡೊಸಿನೊ ಬ್ರೂಯಿಂಗ್ ಕಂಪನಿಯು, ಪಾನನಿಷೇಧದ ತರುವಾಯ ಆ ರಾಜ್ಯದಲ್ಲಿ ತಾನೇ ಬಿಯರ್ ತಯಾರಿಸಿ ಅಲ್ಲೇ ಬಡಿಸಿದ ಮೊದಲ ಪಾನಗೃಹ. ಅದರ ರೆಡ್ ಟೇಲ್ ಏಲ್ ಹೆಸರು ಮಾಡಿತು. 1990ರ ದಶಕದ ನಡುವೆ ಕಂಪನಿಯು ಮಧ್ಯವರ್ತಿಗಳಿಲ್ಲದೆ ನೇರವಾಗಿ ಸಾರ್ವಜನಿಕರಿಗೆ ಷೇರು ಮಾರಿ, ಯುಕಾಯಾ ಎಂಬಲ್ಲಿ ದೊಡ್ಡ ಕಾರ್ಖಾನೆ ಕಟ್ಟಿತು. ರುಚಿ ಮೆಚ್ಚಿದ ಗ್ರಾಹಕರೇ ಷೇರುದಾರರಾದರು. ಆದರೆ ಕಾರ್ಖಾನೆ ದೊಡ್ಡದಾದಾಗ ಸಾಲವೂ ದೊಡ್ಡದಾಯಿತು. 1997ರಲ್ಲಿ ಅದರ ನಿಯಂತ್ರಣವನ್ನು ಪಡೆದದ್ದು ಬೆಂಗಳೂರಿನ ಯು.ಬಿ. ಸಮೂಹ. ಅಲ್ಲಿಂದ ಮುಂದೆ ಇದೇ ಕಂಪನಿಯ ಮೂಲಕ ಅಮೆರಿಕದಲ್ಲಿ ಕಿಂಗ್‌ಫಿಷರ್ ಬಿಯರಿನ ವ್ಯವಹಾರವೂ ನಡೆಯಿತು. 2018ರ ಜನವರಿಯಲ್ಲಿ ಕಂಪನಿ ಬಾಗಿಲು ಹಾಕಿತು. 450 ಬ್ಯಾರಲಿನ ಘಟಕವು ಚಿಕ್ಕದಾಗಿದ್ದುದರಿಂದ ಸೋತರೆ, ಅದರ ಉತ್ತರಾಧಿಕಾರಿಯು ಬೆಳೆದ ಮೇಲೆಯೂ ನಿಲ್ಲಲಾರದೆ ಹೋಯಿತು.

ಬೆಂಗಳೂರಿನಲ್ಲಿ 2010ರಿಂದೀಚೆಗೆ ಇಂದಿರಾನಗರದ ಟಾಯ್ಟ್‌ನಂತಹ ಕಿರು ಬ್ರೂವರಿಗಳು ತಲೆಯೆತ್ತಿವೆ. ಗೋಧಿ ಬಿಯರಿನ ಬಾಳೆಹಣ್ಣಿನ ವಾಸನೆ ಇಲ್ಲಿಯ ಹವ್ಯಾಸಿಗಳಿಗೂ ಈಗ ಪರಿಚಿತ. ರಾಗಿ, ಮಾವುಗಳ ಪ್ರಯೋಗಗಳೂ ನಡೆದಿವೆ. ಎರಡು ವ್ಯತ್ಯಾಸಗಳನ್ನು ಮಾತ್ರ ಗಮನಿಸಬೇಕು. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಮೇರೆಗೆ ತಯಾರಿಕೆಗೆ ಪರವಾನಗಿ ಕಡ್ಡಾಯ. ಆದ್ದರಿಂದ ಅಮೆರಿಕದ ಹವ್ಯಾಸಿಯಂತೆ ಮನೆಯಲ್ಲಿ ಕೈ ಪಳಗಿಸಿಕೊಂಡು ಉದ್ಯಮಕ್ಕೆ ಇಳಿಯುವ ದಾರಿ ಇಲ್ಲಿಯವನಿಗಿಲ್ಲ. ಅವನ ಪಾಠಶಾಲೆ ಪಾನಗೃಹದ ಪುಟ್ಟ ಲೋಟಗಳ ತಟ್ಟೆಯೇ. ಎರಡನೆಯದು ತೆರಿಗೆ. ಮಾನವ ಸೇವನೆಯ ಮದ್ಯವು ಸರಕು ಮತ್ತು ಸೇವಾ ತೆರಿಗೆಯ ಹೊರಗಿದ್ದು ರಾಜ್ಯದ ಸುಂಕಕ್ಕೆ ಒಳಪಟ್ಟಿದೆ. ಆದ ಕಾರಣ ಉಕ್ಕಿನ ತೊಟ್ಟಿ, ಶೀತಲ ಯಂತ್ರ, ಮಾಲ್ಟ್ ಇವುಗಳ ಮೇಲೆ ತೆತ್ತ ಸರಕು ಮತ್ತು ಸೇವಾ ತೆರಿಗೆಯನ್ನು ಬಿಯರಿನ ಮಾರಾಟದೆದುರು ಜಮೆ ಹಾಕಿಕೊಳ್ಳಲು ಬರುವುದಿಲ್ಲ. ಅದೇ ಮೇಜಿಗೆ ಬಡಿಸಿದ ತಿಂಡಿಗೆ ಒಂದು ತೆರಿಗೆ, ಲೋಟದಲ್ಲಿರುವುದಕ್ಕೆ ಇನ್ನೊಂದು. ಇಂತಹ ಘಟಕಕ್ಕೆ ಹಣ ಹೂಡುವವರು ಯೋಜನಾ ವರದಿಯಲ್ಲಿ ಯಂತ್ರಗಳ ಬೆಲೆಯನ್ನು ತೆರಿಗೆ ಸಹಿತವಾಗಿಯೇ ಬರೆದುಕೊಳ್ಳತಕ್ಕದ್ದು.