ಕೋಟೆ ಉಳಿಸಿದ್ದು ಮದ್ದುಗುಂಡಲ್ಲ, ಸುಟ್ಟ ಹುಲ್ಲು

ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರಿಗೆ ಹೋಗುವ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿಗಳ ಸಾಲು. 1791ರಲ್ಲಿ ಇದೇ ದಿಕ್ಕಿನಿಂದ ಬೆಂಗಳೂರಿನತ್ತ ಬಂದದ್ದು ಅಕ್ಕಿ ಹೊತ್ತ ಎತ್ತುಗಳ ಸಾಲು. ಮೂರನೆಯ ಮೈಸೂರು ಯುದ್ಧದ ಬಗ್ಗೆ ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳೆಲ್ಲ ಆ ಎತ್ತುಗಳನ್ನು ಮರೆತದ್ದರ ಫಲ.

ಆ ವರ್ಷದ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಹೊಸ್ತಿಲಿನಿಂದ ಹಿಂದಿರುಗಿದ್ದು ಕಾಳಗದಲ್ಲಿ ಸೋತು ಎಂದು ಹಲವರು ತಿಳಿದಿದ್ದಾರೆ. ಆದರೆ ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಆತ ಗೆದ್ದಿದ್ದ. ಸೋತದ್ದು ಹೊಟ್ಟೆಯ ಮುಂದೆ. ದಾರಿಯುದ್ದಕ್ಕೂ ಟಿಪ್ಪು ಮೇವು, ದವಸ ಸುಡಿಸಿದ್ದ. ಮೇಲಿಂದ ಮಳೆ, ಜೊತೆಗೆ ದನಗಳಿಗೆ ರೋಗ. ಎತ್ತುಗಳು ಸಾವಿರಗಟ್ಟಲೆ ಸತ್ತವು. ಕೋಟೆ ಒಡೆಯಲು ತಂದ ಭಾರೀ ಫಿರಂಗಿಗಳನ್ನು ಎಳೆಯುವವರಿಲ್ಲದೆ ಅಲ್ಲೇ ನಾಶಮಾಡಿ, 26ರಂದು ಸೈನ್ಯ ಬೆಂಗಳೂರಿನ ಕಡೆ ತಿರುಗಿತು. ಅದೇ ಹೊತ್ತಿಗೆ ಮಿತ್ರರಾದ ಮರಾಠರ ಪಡೆ ಬಂದು ಸೇರದಿದ್ದರೆ, ಅವರ ದಂಡಿನ ಬಜಾರಿನಲ್ಲಿ ದುಬಾರಿ ಬೆಲೆಗಾದರೂ ಕಾಳು ಸಿಗದಿದ್ದರೆ, ಆ ಸೈನ್ಯದ ಗತಿ ಇನ್ನೂ ಕೆಡುತ್ತಿತ್ತು. ಆ ಮೇ ತಿಂಗಳ ಗೆಲುವು ಟಿಪ್ಪುವಿನದೇ. ಗೆಲ್ಲಿಸಿದ್ದು ಮಾತ್ರ ಫಿರಂಗಿಯಲ್ಲ, ಸುಟ್ಟ ಹುಲ್ಲು.

ಕಾರ್ನ್‌ವಾಲಿಸ್ ಪಾಠ ಕಲಿತ. ಜುಲೈನಲ್ಲಿ ಹೊಸೂರನ್ನು ಹಿಡಿದು, ಪಾಲಕೋಡು ಕಣಿವೆಯ ದಾರಿ ತೆರೆಸಿ, ಕರ್ನಾಟಿಕ್ ಬಯಲಿನಿಂದ ಅಕ್ಕಿ ತರಿಸಿದ. ನಂದಿದುರ್ಗ, ಸಾವನದುರ್ಗಗಳ ಮೇಲೆ ಬಿದ್ದದ್ದಕ್ಕೂ ಬೆನ್ನ ಹಿಂದಿನ ದಾರಿ ಕಾಯುವ ಲೆಕ್ಕವೇ ಕಾರಣ. 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಅವನ ದಂಡು ಹಸಿದಿರಲಿಲ್ಲ.

ಹಾಗಾದರೆ ಅನ್ನ ಹಾಕಿದ್ದು ಈಸ್ಟ್ ಇಂಡಿಯಾ ಕಂಪನಿಯ ಉಗ್ರಾಣವೇ? ಅದೂ ಪೂರ್ತಿ ನಿಜವಲ್ಲ. ಸಿಪಾಯಿಗಳು ದಂಡಿನ ಜೊತೆಗೇ ಸಾಗುತ್ತಿದ್ದ ಬಜಾರಿನಲ್ಲಿ ಕೊಂಡು ತಿನ್ನುತ್ತಿದ್ದರು. ಆ ಬಜಾರನ್ನು ತುಂಬಿದವರಲ್ಲಿ ಮುಖ್ಯರು ಲಂಬಾಣಿಗಳು. ಹೆಂಡತಿ ಮಕ್ಕಳೊಡನೆ, ಹೇರೆತ್ತುಗಳೊಡನೆ ನಡೆಯುತ್ತ ದವಸ, ಉಪ್ಪು ಮಾರುವುದು ಅವರ ಕಸುಬು. ಕಂಪನಿಯ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಈ ಲಂಬಾಣಿಗಳನ್ನು ಒಲಿಸಿಕೊಂಡದ್ದು ಆ ಯುದ್ಧದ ದಿಕ್ಕು ಬದಲಿಸಿದ ಕೆಲಸಗಳಲ್ಲೊಂದು. ಇಂದು ಪೀಣ್ಯ, ವೈಟ್‌ಫೀಲ್ಡ್‌ಗಳ ಕಟ್ಟಡ ಕೆಲಸಕ್ಕೆ ಬರುವ ಲಂಬಾಣಿ ತಾಂಡಾಗಳ ಮಕ್ಕಳಿಗೆ ಈ ಚರಿತ್ರೆಯನ್ನು ಯಾರೂ ಹೇಳಿಕೊಟ್ಟಿಲ್ಲ.

ಮೈಸೂರು ಸೈನ್ಯದ ವೇಗವೆಂದರೆ ಕುದುರೆ ಎಂಬುದೂ ಅರೆಸತ್ಯ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ಎತ್ತುಗಳನ್ನು ಹೂಡಿ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದನೆಂದು ಹಳೆಯ ದಾಖಲೆಗಳು ಹೇಳುತ್ತವೆ. 1799ರ ನಂತರ ಬ್ರಿಟಿಷರು ಆ ತಳಿಯನ್ನು ತಮ್ಮ ಫಿರಂಗಿಗಳಿಗೇ ಹೂಡಿದರು.

ಸರಬರಾಜು ಮಾಡುವವರು ಹಿಂದೆ ಸುರಕ್ಷಿತವಾಗಿರುತ್ತಾರೆ ಎಂಬ ಮಾತಂತೂ ಅನ್ಯಾಯದ್ದು. ಎರಡನೆಯ ಮಹಾಯುದ್ಧದಲ್ಲಿ ಭಾರತದಿಂದ ಫ್ರಾನ್ಸಿಗೆ ಹೇಸರಗತ್ತೆಗಳ ನಾಲ್ಕು ಕಂಪನಿಗಳು ಹೋಗಿದ್ದವು. 1940ರಲ್ಲಿ ಅವುಗಳ ಯೋಧರು ಡಂಕರ್ಕ್‌ನಿಂದ ಪಾರಾಗಬೇಕಾಯಿತು; ಒಂದು ಕಂಪನಿ ಜರ್ಮನ್ನರ ಸೆರೆಯಾಯಿತು. ಅದೇ ಪರಂಪರೆಯ, ಸೈನ್ಯಕ್ಕೆ ಸರಬರಾಜು ಮಾಡುವ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಇಂದು ಬೆಂಗಳೂರಿನಲ್ಲಿದೆ. ಊರಿನವರಿಗೆ ಅದು ಗೊತ್ತಿರುವುದು ಮೋಟಾರ್‌ಸೈಕಲ್ ಸಾಹಸದಿಂದ: 2017ರ ನವೆಂಬರಿನಲ್ಲಿ ಯಲಹಂಕದಲ್ಲಿ ಒಂದೇ ಬೈಕಿನ ಮೇಲೆ 58 ಮಂದಿ ಸಾಗಿ ದಾಖಲೆ ಮಾಡಿದರು. ಹಿಮದ ಗಡಿಗೆ ಅಕ್ಕಿ, ಸೀಮೆಎಣ್ಣೆ ಮುಟ್ಟಿಸುವ ಅವರ ದಿನನಿತ್ಯದ ದುಡಿಮೆಗೂ ಅಷ್ಟೇ ಗಮನ ಸಲ್ಲಬೇಕು. ಶಾಲೆಯ ಪಾಠದಲ್ಲಿ ಕಾರ್ನ್‌ವಾಲಿಸ್, ಟಿಪ್ಪು ಇರುವ ಪುಟದಲ್ಲೇ ಲಂಬಾಣಿಗಳಿಗೂ ಅಮೃತ ಮಹಲ್ ಎತ್ತುಗಳಿಗೂ ಜಾಗ ಕೊಡಿ.