ಗಣಕಯಂತ್ರಕ್ಕೆ ಶ್ರುತಿಜ್ಞಾನ

ಸಂಗೀತವನ್ನು ಗಣಕಯಂತ್ರಕ್ಕೆ ಅರ್ಥಮಾಡಿಸಲು ಶ್ರಮಿಸುವ ಸಂಶೋಧಕರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ‘ಇಸ್ಮಿರ್’ ಎಂದು ಹೆಸರು. 2000ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಆರಂಭವಾದ ಇದು 2022ರ ಡಿಸೆಂಬರಿನಲ್ಲಿ ನಮ್ಮ ನೆರೆಯ ಬೆಂಗಳೂರಿನಲ್ಲಿಯೇ ಜರುಗಿತು. ಯಂತ್ರಕ್ಕೆಂತಹ ಸಂಗೀತವೆಂದು ನಗುವವರಿಗಾಗಿ ಒಂದು ತೊಡಕನ್ನು ಮಾತ್ರ ವಿವರಿಸುತ್ತೇನೆ.

ಹಾರ್ಮೋನಿಯಮ್ಮಿನ ಒಂದೊಂದು ಮನೆಗೂ ನಿಶ್ಚಿತ ಕಂಪನಸಂಖ್ಯೆಯುಂಟು. ನಮ್ಮ ಷಡ್ಜಕ್ಕೆ ಅದಿಲ್ಲ. ಗಾಯಕರು ತಮ್ಮ ಕಂಠಕ್ಕೊಗ್ಗುವ ಶ್ರುತಿಯನ್ನು ಆರಿಸಿಕೊಳ್ಳುತ್ತಾರೆ. ಸೆಕೆಂಡಿಗೆ 240 ಕಂಪನಗಳ ನಾದವು ಒಬ್ಬರಿಗೆ ಷಡ್ಜವಾದರೆ, 160ರ ಶ್ರುತಿ ಹಿಡಿದವರಿಗೆ ಅದೇ ಪಂಚಮ! ಆದುದರಿಂದ ಯಂತ್ರವು ತಂಬೂರಿಯ ನಾದವನ್ನರಸಿ ಮೊದಲು ಆಧಾರ ಷಡ್ಜವನ್ನು ಗುರುತಿಸಬೇಕು. ರಾಗದ ಮಾತು ಅನಂತರ. ಗಮಕವಂತೂ ಇನ್ನೂ ಕಠಿಣ. ತೋಡಿಯ ಗಾಂಧಾರವು ಒಂದೆಡೆ ನಿಲ್ಲುವುದೇ ಇಲ್ಲವಷ್ಟೆ. ಬಾರ್ಸಿಲೋನಾದ ಕ್ಸೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಲ್ಲಿ ತೊಡಗಿದ ‘ಕಾಂಪ್‌ಮ್ಯೂಸಿಕ್’ ಯೋಜನೆಯು ಇಂತಹ ಪ್ರಶ್ನೆಗಳನ್ನು ಕೈಗೆತ್ತಿಕೊಂಡಿತು. ಮದರಾಸಿನ ಐ.ಐ.ಟಿ.ಯೂ ಅದರಲ್ಲಿ ಪಾಲ್ಗೊಂಡಿತ್ತು.

ಯಂತ್ರವು ಕಲಿಯುವುದು ಧ್ವನಿಮುದ್ರಣಗಳಿಂದ. ಕಚೇರಿಗಳ ಮುದ್ರಣಗಳು ಹೇರಳವಾಗಿವೆ. ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಮನೆಗಳಲ್ಲಿ ಅಜ್ಜಿಯರು ಹಾಡುವ ಕನ್ನಡದ ಸೋಬಾನೆ, ಜೋಗುಳಗಳೆಷ್ಟು ಮುದ್ರಿತವಾಗಿವೆ? ಮುದ್ರಿಸದ ಹಾಡು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಹಳೆಯ ವಿದ್ಯಾರ್ಥಿಗಳೇ, ನಿಮ್ಮೆಲ್ಲರ ಕೈಯಲ್ಲಿಯೂ ಇಂದು ಧ್ವನಿ ಹಿಡಿಯುವ ದೂರವಾಣಿಯಿದೆ. ಈ ರಜೆಯಲ್ಲಿಯೇ ಕುಳಿತು ಮುದ್ರಿಸಿರಿ. ಹಾಡಿದವರ ಹೆಸರು, ಊರು, ಹಾಡುವ ಸಂದರ್ಭಗಳನ್ನು ಅವರ ಬಾಯಿಂದಲೇ ಹೇಳಿಸಿರಿ.