ಪರದೇಶಕ್ಕೆ ಹೊರಟವರ ಹೆಸರು ರಾಯಭಾರ ಕಚೇರಿಯ ಪಟ್ಟಿಯಲ್ಲಿರಲಿ

ಹಲಗೂರು, ಮಳವಳ್ಳಿ, ಮದ್ದೂರಿನ ಕಡೆಯ ಮಕ್ಕಳು ದೂರದ ಊರಿಗೆ ಹೋದರೆಂದರೆ ಹಿಂದೆಲ್ಲಾ ಅದು ಬೆಂಗಳೂರು ಇಲ್ಲವೇ ಮೈಸೂರು. ಈಗ ಕಾಲ ಹಾಗಿಲ್ಲ. ಓದಿಗೆಂದು ಒಬ್ಬರು, ದುಬೈ, ಮಸ್ಕತ್ ಕಡೆ ಡ್ರೈವರ್ ಕೆಲಸಕ್ಕೆಂದು ಮತ್ತೊಬ್ಬರು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರು, ಹಜ್ ಯಾತ್ರೆಗೆ ಹೊರಡುವ ಹಿರಿಯರು, ಹೀಗೆ ತೋಟದ ಮನೆಗಳಿಂದಲೂ ಜನ ಸಮುದ್ರ ದಾಟುತ್ತಿದ್ದಾರೆ. ಪಾಸ್‌ಪೋರ್ಟು, ವೀಸಾ, ಟಿಕೆಟ್ಟು, ಹಪ್ಪಳ ಸಂಡಿಗೆಯವರೆಗೆ ಎಲ್ಲವೂ ನೆನಪಿರುತ್ತದೆ. ಒಂದು ಕೆಲಸ ಮಾತ್ರ ಬಹುಮಂದಿಗೆ ನೆನಪಾಗುವುದಿಲ್ಲ. ಅದು, ಹೋಗುವ ದೇಶದಲ್ಲಿರುವ ನಮ್ಮ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸುವುದು.

ಇದು ಹೊಸ ವಿಷಯವೇನೂ ಅಲ್ಲ. ಪಾಸ್‌ಪೋರ್ಟಿನ ಕೊನೆಯಲ್ಲಿ ಅಚ್ಚಾಗಿರುವ ಸೂಚನೆಗಳನ್ನು ಓದಿ ನೋಡಿ. ಹೊರದೇಶದಲ್ಲಿ ನೆಲೆಸುವ ಭಾರತೀಯರು ಹತ್ತಿರದ ಭಾರತೀಯ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುವುದು ಒಳ್ಳೆಯದೆಂದು ಅಲ್ಲಿಯೇ ಬರೆದಿದೆ. ಸಣ್ಣ ಅಕ್ಷರವೆಂದು ಯಾರೂ ಓದುವುದಿಲ್ಲ, ಅಷ್ಟೆ.

ಪಹಣಿಯಲ್ಲಿ ಇಲ್ಲದ ಬೆಳೆ

ಇದರ ಬೆಲೆ ಏನೆಂಬುದನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿರುಗಾಳಿಗೆ ಅಡಿಕೆ ಮರಗಳು ಉರುಳಿದವೆನ್ನಿ. ಪಹಣಿಯಲ್ಲಿ ಅಡಿಕೆ ಎಂದು ನಮೂದಾಗಿದ್ದರೆ ಪರಿಹಾರದ ಅರ್ಜಿಗೆ ಬಲ. ಅಲ್ಲಿ ರಾಗಿ ಎಂದೇ ಉಳಿದಿದ್ದರೆ, ಮರ ಬಿದ್ದಿರುವುದು ಕಣ್ಣೆದುರಿಗಿದ್ದರೂ ತಾಲ್ಲೂಕು ಕಚೇರಿಗೆ ಅಲೆದಾಟ ತಪ್ಪದು. ಕಾಫಿ ಬೆಳೆಗಾರರು 1942ರ ಕಾಫಿ ಕಾಯ್ದೆಯಡಿ ತೋಟ ನೋಂದಾಯಿಸುವ ಪದ್ಧತಿಯನ್ನು ತಲೆಮಾರುಗಳಿಂದ ಬಲ್ಲರು. ಪುಸ್ತಕದಲ್ಲಿ ಹೆಸರಿದ್ದರೆ ಕಚೇರಿಯವರು ಹುಡುಕುತ್ತಾರೆ. ಇಲ್ಲದಿದ್ದರೆ ನಾವೇ ಅವರನ್ನು ಹುಡುಕಿಕೊಂಡು ಹೋಗಬೇಕು. ಪರದೇಶದಲ್ಲಿ ಗುಂಡು ಹಾರುತ್ತಿರುವಾಗ ಹಾಗೆ ಹುಡುಕಿಕೊಂಡು ಹೋಗುವುದು ಸಾಧ್ಯವೇ?

ಯುಕ್ರೇನಿನಲ್ಲಿ ನಡೆದದ್ದು

2022ರ ಜನವರಿಯಲ್ಲಿ ಯುಕ್ರೇನಿನ ಗಡಿಯಲ್ಲಿ ಯುದ್ಧದ ಸೂಚನೆ ಕಾಣುತ್ತಿದ್ದಂತೆ ಕೀವ್ ನಗರದ ಭಾರತೀಯ ರಾಯಭಾರ ಕಚೇರಿಯು ಅಲ್ಲಿದ್ದ ಭಾರತೀಯರೆಲ್ಲರೂ ಹೆಸರು ನೋಂದಾಯಿಸಬೇಕೆಂದು ಕೋರಿತು. ಸುಮಾರು 20,000 ಮಂದಿ ನೋಂದಾಯಿಸಿದರು. ಅವರಲ್ಲಿ ಹೆಚ್ಚಿನವರು ವೈದ್ಯಕೀಯ ವಿದ್ಯಾರ್ಥಿಗಳು. ಫೆಬ್ರವರಿ 15ರಂದು, ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಊರಿಗೆ ಮರಳುವುದು ಒಳ್ಳೆಯದೆಂಬ ಸೂಚನೆಯೂ ಹೊರಟಿತು. ಪಾಠ ತಪ್ಪುತ್ತದೆಂಬ ಚಿಂತೆಯಿಂದ ಬಹುಮಂದಿ ಅಲ್ಲಿಯೇ ಉಳಿದರು. ಫೆಬ್ರವರಿ 24ರಂದು ಯುದ್ಧ ಆರಂಭವಾಗಿ ವಿಮಾನ ಸಂಚಾರ ನಿಂತುಹೋಯಿತು. ಆಮೇಲೆ ಪೋಲೆಂಡ್, ಹಂಗೇರಿ, ರುಮೇನಿಯಾ ಮೊದಲಾದ ನೆರೆಯ ದೇಶಗಳ ಗಡಿ ದಾಟಿಸಿ ವಿಮಾನಗಳಲ್ಲಿ ಕರೆತರಲಾಯಿತು. ಯುದ್ಧಕ್ಕೆ ಮುಂಚೆ ಹೊರಟವರೂ ಸೇರಿ ಸುಮಾರು 22,500 ಭಾರತೀಯರು ಮರಳಿದರು. ಇದಕ್ಕೆ ‘ಆಪರೇಷನ್ ಗಂಗಾ’ ಎಂದು ಹೆಸರು.

ಆದರೆ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಾಳಿಗೆ ಬಲಿಯಾದ. ದಿನಸಿ ತರಲು ಹೊರಗೆ ಹೋಗಿದ್ದ. ಹೆಸರು ಬರೆಸಿದ ಮಾತ್ರಕ್ಕೆ ಗುಂಡು ತಾಗುವುದಿಲ್ಲವೆಂದು ಯಾರೂ ಹೇಳಲಾರರು. ಸೂಚನೆ ತಲುಪುವುದು ಒಂದು, ತಲುಪಿದ ಸೂಚನೆಯಂತೆ ಬೇಗ ಹೊರಡುವುದು ಇನ್ನೊಂದು. ನೋಂದಣಿಯಿಂದ ಮೊದಲನೆಯದು ಆಗುತ್ತದೆ. ಎರಡನೆಯದನ್ನು ಮನೆಯವರೂ ಮಕ್ಕಳೂ ಕೂಡಿ ತೀರ್ಮಾನಿಸಬೇಕು.

ಸುಡಾನಿನಲ್ಲಿ ನಮ್ಮವರು

ಮರುವರ್ಷ 2023ರ ಏಪ್ರಿಲ್ 15ರಂದು ಆಫ್ರಿಕದ ಸುಡಾನಿನಲ್ಲಿ ಎರಡು ಸೈನ್ಯಗಳ ನಡುವೆ ಕಾದಾಟ ಹತ್ತಿಕೊಂಡಿತು. ಗಿಡಮೂಲಿಕೆ ಔಷಧಿ, ತಲೆಗೂದಲಿನ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನಾಂಗದ 31 ಮಂದಿ ಅಲ್ಲಿ ಸಿಲುಕಿದ ಸುದ್ದಿ ರಾಜ್ಯಕ್ಕೆಲ್ಲಾ ತಿಳಿಯಿತು. ಅವರಿದ್ದ ಅಲ್ ಫಾಶಿರ್ ಊರು ರಾಜಧಾನಿ ಖಾರ್ಟೂಮಿಗೆ ನೂರಾರು ಮೈಲಿ ದೂರ. ನೀರಿಗೂ ಊಟಕ್ಕೂ ಕಷ್ಟ, ಬೀದಿಗೆ ಕಾಲಿಡುವಂತಿಲ್ಲ. ಹೊಟ್ಟೆಪಾಡಿಗೆ ದೇಶ ತಿರುಗುವವರು ಇಂಥ ಮೂಲೆಯ ಊರುಗಳಲ್ಲಿಯೇ ಇರುತ್ತಾರಾದ್ದರಿಂದ ಅವರಿರುವ ಜಾಗ ಕಚೇರಿಗೆ ಮೊದಲೇ ತಿಳಿದಿರುವುದು ಇನ್ನೂ ಅಗತ್ಯ.

ಏಪ್ರಿಲ್ 24ರಂದು ಭಾರತ ಸರ್ಕಾರ ಪ್ರಕಟಿಸಿದ ಕಾರ್ಯಾಚರಣೆಗೆ ನಮ್ಮ ನದಿಯ ಹೆಸರನ್ನೇ ಇಟ್ಟರು: ‘ಆಪರೇಷನ್ ಕಾವೇರಿ’. ಜನರನ್ನು ಬಸ್ಸುಗಳಲ್ಲಿ ಪೋರ್ಟ್ ಸುಡಾನ್ ಬಂದರಿಗೆ ತಂದು, ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಜಿದ್ದಾ ನಗರಕ್ಕೆ ದಾಟಿಸಿ, ಅಲ್ಲಿಂದ ಊರಿಗೆ ಕಳುಹಿಸಲಾಯಿತು. ಸುಮಾರು 3,800 ಮಂದಿ ಹೀಗೆ ಪಾರಾದರು. ಯಾವ ಬಸ್ಸು, ಯಾವ ಹೊತ್ತು, ಎಲ್ಲಿ ಸೇರಬೇಕು ಎಂಬ ಮಾತು ಒಬ್ಬೊಬ್ಬರಿಗೂ ಮುಟ್ಟಬೇಕಾದರೆ ಅವರ ಫೋನ್ ನಂಬರು ಕಚೇರಿಯಲ್ಲಿ ಇರಲೇಬೇಕು.

ಕಚೇರಿಯಿಂದ ಆಗುವುದು, ಆಗದ್ದು

ಯುದ್ಧ, ಭೂಕಂಪಗಳಲ್ಲಿ ಮಾತ್ರವಲ್ಲ, ಒಬ್ಬೊಬ್ಬರ ಕಷ್ಟಕ್ಕೂ ಈ ಕಚೇರಿ ಆಗುತ್ತದೆ. ಪಾಸ್‌ಪೋರ್ಟ್ ಕಳೆದುಹೋದರೆ ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಪೊಲೀಸರು ಬಂಧಿಸಿದರೆ ತನ್ನ ದೇಶದ ಕಚೇರಿಗೆ ತಿಳಿಸಿರೆಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದಿದೆ. ತೀರಾ ಸಂಕಷ್ಟದಲ್ಲಿರುವವರ ಊಟ, ವಸತಿ, ಟಿಕೆಟ್ಟಿಗೂ, ತೀರಿಕೊಂಡವರ ದೇಹವನ್ನು ಊರಿಗೆ ತರುವುದಕ್ಕೂ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಸಿಗುವುದುಂಟು. ಆದರೆ ಸಾಲ ತೀರಿಸುವುದು, ಕೆಲಸ ಕೊಡಿಸುವುದು, ಅಲ್ಲಿನ ಕಾನೂನಿನಿಂದ ಬಿಡಿಸುವುದು ಅವರಿಂದಾಗುವ ಕೆಲಸವಲ್ಲ.

ಮಾಡಬೇಕಾದ್ದೇನು?

1. ಹೊರಡುವ ಮೊದಲು, ಹೋಗುವ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ಅಂತರ್ಜಾಲ ತಾಣ ತೆಗೆಸಿ ನೋಂದಣಿಯ ವಿಧಾನ ತಿಳಿದುಕೊಳ್ಳಿ. ಇಂಗ್ಲೆಂಡ್, ಆಸ್ಟ್ರೇಲಿಯಾದಂತಹ ಕಾಮನ್‌ವೆಲ್ತ್ ದೇಶಗಳಲ್ಲಿ ಇದಕ್ಕೆ ಹೈಕಮಿಷನ್ ಎಂದು ಹೆಸರು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರಿಂದ ಮಾಡಿಸಿ.

2. ಪಾಸ್‌ಪೋರ್ಟಿನ ನಂಬರು, ಅಲ್ಲಿನ ವಿಳಾಸ, ಫೋನು, ಕೆಲಸದ ಕಂಪನಿ ಅಥವಾ ಕಾಲೇಜು, ಊರಿನಲ್ಲಿ ಯಾರಿಗೆ ತಿಳಿಸಬೇಕೆಂಬುದು, ಇವಿಷ್ಟನ್ನೂ ತಪ್ಪಿಲ್ಲದೆ ಬರೆಸಿ.

3. ಅಲ್ಲಿ ಮನೆ, ಕೆಲಸ ಅಥವಾ ಫೋನ್ ಬದಲಾದರೆ ತಿಳಿಸಿ. ಹಳೆಯ ನಂಬರಿನಿಂದ ಉಪಯೋಗವಿಲ್ಲ.

4. ಕಚೇರಿಯ ತುರ್ತು ದೂರವಾಣಿ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲಿಯೂ ಬರೆದಿಟ್ಟುಕೊಳ್ಳಿ. ಫೋನಿನ ಚಾರ್ಜು ಮುಗಿಯುವುದು ಕಷ್ಟಕಾಲದಲ್ಲೇ.

5. ಅದೇ ನಂಬರು, ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್ ಪ್ರತಿ ಊರಿನ ಮನೆಯಲ್ಲಿ, ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಇರಲಿ.

6. ತೊಂದರೆಯ ಸುದ್ದಿ ಬಂದರೆ ಮನೆಯವರೇ ದೂರು ಕೊಡಬಹುದು. ಅದಕ್ಕೆಂದು ವಿದೇಶಾಂಗ ಸಚಿವಾಲಯ 2015ರಲ್ಲಿ ‘ಮದದ್’ ಎಂಬ ತಾಣ ತೆರೆದಿದೆ. ಹಿಂದಿಯಲ್ಲಿ ಮದದ್ ಎಂದರೆ ನೆರವು. ದೂರಿಗೆ ಒಂದು ನಂಬರು ಕೊಡುತ್ತಾರೆ. ಅದನ್ನು ಹಿಡಿದು ಏನಾಯಿತೆಂದು ವಿಚಾರಿಸಬಹುದು.

ಕೂಲಿಗೆ ಹೋಗುವವರಿಗೆ ಒಂದು ಮಾತು

ಹತ್ತನೇ ತರಗತಿ ಮುಗಿಸದೆ ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗುವವರಿಗೆ 1983ರ ವಲಸೆ ಕಾಯ್ದೆಯಡಿ ಸರ್ಕಾರದ ಅನುಮತಿ ಬೇಕು. ರಾಯಭಾರ ಕಚೇರಿಯ ನೋಂದಣಿ ಬೇರೆ, ಇದು ಬೇರೆ. ಎರಡೂ ಆಗಬೇಕು. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಹತ್ತು ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಇರುತ್ತದೆ. “ವಿಸಿಟ್ ವೀಸಾದಲ್ಲಿ ಹೋಗು, ಕೆಲಸ ಅಲ್ಲಿ ಕೊಡಿಸುತ್ತೇನೆ” ಎನ್ನುವ ಏಜೆಂಟರ ಮಾತಿಗೆ ತೋಟ ಅಡವಿಡಬೇಡಿ. ಹಾಗೆ ಹೋದವನು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಪಾಸ್‌ಪೋರ್ಟು ನಮ್ಮ ಕೈಯಲ್ಲಿಯೇ ಅಥವಾ ನಾವು ಒಪ್ಪಿ ಕೊಟ್ಟವರ ಬಳಿಯೇ ಇರಬೇಕೆಂದು ಆ ಕೊನೆಯ ಸೂಚನೆಗಳಲ್ಲಿ ಅದನ್ನೂ ಬರೆದಿದೆ.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಮನೆ ಉಳಿಯದು. ಸದಸ್ಯರು ತಮ್ಮ ಮನೆಯಿಂದ ಈಗಾಗಲೇ ಪರದೇಶಕ್ಕೆ ಹೋಗಿರುವವರಿಗೆ ಈ ವಾರವೇ ಫೋನ್ ಮಾಡಿ, “ಅಲ್ಲಿ ಹೆಸರು ಬರೆಸಿದ್ದೀಯಾ?” ಎಂದು ಕೇಳಬೇಕಾಗಿ ಕೋರಿಕೆ. ಇಲ್ಲವೆಂದರೆ ಬರೆಸಿದ ಮೇಲೆಯೇ ಮತ್ತೆ ಫೋನ್ ಮಾಡೆಂದು ಹೇಳಿ. ಅರ್ಧ ಗಂಟೆಯ ಕೆಲಸವದು.